ಫಸ್ಟ್ ಬೇಸ್‌ಮನ್ ಒಬ್ಬನ ವೃತ್ತಿಬದುಕನ್ನು ಓದುವುದು ಹೇಗೆ? ಉಡುಪಿಯಲ್ಲಿ ಕೂತು ಬೇಸ್‌ಬಾಲ್ ನೋಡುವವರಿಗೆ

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಉಡುಪಿ ಕಡೆಯ ರಾತ್ರಿಗಳು ಖಾಲಿ ಖಾಲಿ. ಆಟ ಇಲ್ಲ, ಮೈದಾನದಲ್ಲಿ ನೀರು ನಿಂತು ಕ್ರಿಕೆಟ್ಟೂ ಇಲ್ಲ. ನಾನು ಬೇಸ್‌ಬಾಲ್ ಹಚ್ಚಿಕೊಂಡದ್ದು ಅಂಥ ಒಂದು ಮಳೆಗಾಲದಲ್ಲಿ. ನ್ಯೂಯಾರ್ಕಿನಲ್ಲಿ ಸಂಜೆ 7ಕ್ಕೆ ಶುರುವಾಗುವ ಪಂದ್ಯ ನಮಗೆ ಬೆಳಗಿನ ಜಾವ 4.30ಕ್ಕೆ ಬರುತ್ತದೆ. ಹೊರಗೆ ಮಾಡಿನ ನೀರು ಸುರಿಯುತ್ತಿರುತ್ತದೆ, ಮನೆಯವರೆಲ್ಲ ಮಲಗಿರುತ್ತಾರೆ, ನೋಡಲಿಕ್ಕೆ ಅದಕ್ಕಿಂತ ಒಳ್ಳೆ ಹೊತ್ತು ಇಲ್ಲ.

ಎಲ್ಲಿಂದ ಶುರು ಮಾಡುವುದು ಅಂತ ಗೆಳೆಯರು ಕೇಳುತ್ತಾರೆ. ನಾನು ಹೇಳುವುದು ಒಂದೇ. ತಂಡ ಹಿಡಿಯಬೇಡಿ, ಒಬ್ಬ ಫಸ್ಟ್ ಬೇಸ್‌ಮನ್‌ನನ್ನು, ಅಂದರೆ ಹೊಡೆದವನು ಮೊದಲು ಓಡಿ ಮುಟ್ಟಬೇಕಾದ ಬೇಸ್ ಕಾಯುವ ಫೀಲ್ಡರನ್ನು, ಹಿಡಿಯಿರಿ. ಅವನು ಮೊದಲ ದಿನದಿಂದ ಕೊನೆಯ ದಿನದವರೆಗೆ ಏನು ಮಾಡಿದ ಅಂತ ಓದಿ. ಯಾಕೆ ಅವನೇ ಅಂದರೆ, ನೆಲದ ಮೇಲೆ ಉರುಳಿದ ಹೆಚ್ಚಿನ ಚೆಂಡುಗಳು ಕೊನೆಗೆ ಬಂದು ಸೇರುವುದು ಅವನ ಕೈಗೆ. ಆದರೂ ಅವನ ಹೆಸರಿನ ಅಂಕಿಅಂಶದ ಪುಟ ತೆರೆದರೆ ಬರೀ ಬ್ಯಾಟಿಂಗ್ ಲೆಕ್ಕವೇ ಎದ್ದು ಕಾಣುತ್ತದೆ. ಕೈಯಿಂದ ಮಾಡಿದ ಒಳ್ಳೆ ಕೆಲಸವೆಲ್ಲ ಬೇರೆಯವರ ಖಾತೆಗೆ ಹೋಗಿರುತ್ತದೆ. ಹಾಗಾಗಿ ಪುಟವನ್ನೂ ಓದಬೇಕು, ಕಣ್ಣಿಟ್ಟೂ ನೋಡಬೇಕು.

ಮೊದಲು ಆ ಜಾಗ ಗೊತ್ತಿರಲಿ

ಬ್ಯಾಟ್ ಬೀಸುವ ಜಾಗದಿಂದ ಫಸ್ಟ್ ಬೇಸ್‌ಗೆ 90 ಅಡಿ. ನಮ್ಮ ಕ್ರಿಕೆಟ್ ಪಿಚ್ 66 ಅಡಿ, ಅದಕ್ಕಿಂತ 24 ಅಡಿ ಜಾಸ್ತಿ. ಹೊಡೆದವನು ಸುಮಾರು 4.3 ಸೆಕೆಂಡಿನಲ್ಲಿ ಅಲ್ಲಿಗೆ ತಲುಪಿಬಿಡುತ್ತಾನೆ. ಅಷ್ಟರೊಳಗೆ ಯಾರೋ ಚೆಂಡು ಹೆಕ್ಕಿ, ಎಸೆದು, ಅದು ಫಸ್ಟ್ ಬೇಸ್‌ಮನ್‌ನ ಕೈಯಲ್ಲಿರಬೇಕು, ಅವನ ಕಾಲು ಬೇಸ್ ಮೇಲಿರಬೇಕು. ಆಗ ಔಟ್. ಥರ್ಡ್ ಬೇಸ್ ಕಡೆಯಿಂದ ಬರುವ ಎಸೆತಕ್ಕೆ 127 ಅಡಿ ದೂರ ಉಂಟು, ಹೆಚ್ಚುಕಡಿಮೆ 39 ಮೀಟರ್. ಓಡುತ್ತಾ, ಜಾರುತ್ತಾ, ಮೈ ತಿರುಗಿಸಿ ಎಸೆದದ್ದು ನೇರ ಎದೆಗೆ ಬರುವುದಿಲ್ಲ ಅಲ್ವಾ? ಒಮ್ಮೆ ತಲೆ ಮೇಲೆ, ಒಮ್ಮೆ ಬದಿಗೆ, ಒಮ್ಮೆ ಕಾಲಿನ ಮುಂದೆ ನೆಲಕ್ಕೆ ಬಡಿದು ಪುಟಿಯುತ್ತದೆ.

ಆ ಪುಟಿದ ಚೆಂಡನ್ನು ನೋಡಬೇಕು. ಅವನು ಅದನ್ನು ಬಾಚಿ ಹಿಡಿದರೆ ಎಸೆದವನಿಗೆ ಅಸಿಸ್ಟ್ (ಔಟಿಗೆ ನೆರವಾದ ಲೆಕ್ಕ), ಇವನಿಗೆ ಒಂದು ಪುಟ್‌ಔಟ್ (ಔಟ್ ಮಾಡಿದ ಲೆಕ್ಕ). ಬಿಟ್ಟರೆ ಸಾಮಾನ್ಯವಾಗಿ ಎರರ್, ಅಂದರೆ ತಪ್ಪಿನ ಲೆಕ್ಕ, ಬೀಳುವುದು ಎಸೆದವನ ಹೆಸರಿಗೆ. ಅಂದರೆ ಇವನು ಕಷ್ಟಪಟ್ಟು ಹಿಡಿದಾಗ ಇನ್ನೊಬ್ಬನ ತಪ್ಪು ಅಳಿಸಿಹೋಗುತ್ತದೆ, ಪುಟದಲ್ಲಿ ಅದರ ಗುರುತೂ ಉಳಿಯುವುದಿಲ್ಲ. ದ್ರಾವಿಡ್ ಟೆಸ್ಟಿನಲ್ಲಿ ಹಿಡಿದ 210 ಕ್ಯಾಚ್ ದ್ರಾವಿಡ್ ಹೆಸರಲ್ಲೇ ಉಂಟು, ಯಾರೂ ಮರೆಯುವುದಿಲ್ಲ. ಇವನಿಗೆ ಆ ಭಾಗ್ಯ ಇಲ್ಲ. ಪೂರ್ತಿ ಸೀಸನ್ ಆಡಿದವನಿಗೆ ಸಾವಿರಕ್ಕೂ ಹೆಚ್ಚು ಪುಟ್‌ಔಟ್ ಸಿಗುವುದು ಸಾಮಾನ್ಯ. ಅದರಲ್ಲಿ ಸುಲಭದ್ದು ಯಾವುದು, ಪ್ರಾಣ ಕೊಟ್ಟು ಹಿಡಿದದ್ದು ಯಾವುದು ಅಂತ ಆ ಸಂಖ್ಯೆ ಹೇಳುವುದಿಲ್ಲ.

ಇದನ್ನು ಓದಿ ಬಿಡಬೇಡಿ, ಒಮ್ಮೆ ಮಾಡಿ ನೋಡಿ. ಮಲ್ಪೆಗೆ ಹೋಗಿ, ನೀರು ಇಳಿದ ಹೊತ್ತಿಗೆ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ಹಿಮ್ಮಡಿಯಿಂದ ಒಂದು ಚೌಕ ಗೀಚಿ. ಗೆಳೆಯನನ್ನು 25 ಹೆಜ್ಜೆ ದೂರ ನಿಲ್ಲಿಸಿ, ಟೆನಿಸ್ ಬಾಲನ್ನು ಬೇಕೆಂದೇ ನಿಮಗಿಂತ ಎರಡಡಿ ಮುಂದೆ ಬೀಳುವ ಹಾಗೆ ಜೋರಾಗಿ ಎಸೆಯಲು ಹೇಳಿ. ಒಂದು ಕಾಲು ಚೌಕದ ಅಂಚು ಬಿಡಬಾರದು. ಇಪ್ಪತ್ತು ಸಲ ಮಾಡಿದರೆ ಸಾಕು, ವಿಷಯ ಮೈಗೆ ಹತ್ತುತ್ತದೆ. ಎಲ್ಲರೂ ಮೊದಲು ಮಾಡುವುದು ಒಂದೇ ಕೆಲಸ: ಚೆಂಡು ಕೈ ಬಿಡುವ ಮೊದಲೇ ಕಾಲು ಚಾಚಿ ಕೂರುವುದು. ಒಮ್ಮೆ ಚಾಚಿದ ಮೇಲೆ ಚೆಂಡು ಬದಿಗೆ ಬಂದರೆ ಮೈ ಹೊರಳುವುದಿಲ್ಲ. ನಿಜವಾದ ಫಸ್ಟ್ ಬೇಸ್‌ಮನ್ ಎಸೆತ ಎಲ್ಲಿಗೆ ಬರುತ್ತಿದೆ ಅಂತ ಕಂಡ ಮೇಲೆಯೇ ಚಾಚುತ್ತಾನೆ. ಬಲಗೈಯಿಂದ ಎಸೆಯುವವನಾದರೆ ಬಲಗಾಲು ಬೇಸ್ ಮೇಲೆ, ಗ್ಲವ್ ಇರುವ ಎಡ ಬದಿಯ ಕಾಲು ಮುಂದೆ. ಎಡಗೈಯವನಿಗೆ ಇದೇ ತಿರುವುಮುರುವು.

ಎಡಗೈಯವರಿಗೆ ಈ ಜಾಗದಲ್ಲಿ ಒಂದು ಲಾಭ ಉಂಟು. ಅವರ ಗ್ಲವ್ ಬಲಗೈಯಲ್ಲಿ, ಅಂದರೆ ಮೈದಾನದ ಒಳಬದಿಗೇ ಇರುತ್ತದೆ. ಸೆಕೆಂಡ್ ಬೇಸ್‌ಗೆ ಎಸೆಯಬೇಕಾದರೆ ಮೈ ತಿರುಗಿಸಬೇಕಾಗಿಲ್ಲ. ಹಾಗಂತ ಬಲಗೈಯವರು ಆಡುವುದಿಲ್ಲ ಅಂತಲ್ಲ, ದೊಡ್ಡ ದೊಡ್ಡವರೇ ಆಡಿದ್ದಾರೆ.

ಪುಟದಲ್ಲಿ ಮೊದಲು ಯಾವ ಕಾಲಂ ನೋಡುವುದು

ಎಲ್ಲರೂ ಹೋಂ ರನ್ (ನಮ್ಮ ಸಿಕ್ಸರಿನ ಹಾಗೆ ಮೈದಾನದಾಚೆ ಹೋಗುವ ಹೊಡೆತ) ನೋಡುತ್ತಾರೆ. ನೀವು ಪೊಸಿಷನ್ ನೋಡಿ. ಯಾವ ವರ್ಷ ಯಾವ ಜಾಗದಲ್ಲಿ ಆಡಿದ್ದಾನೆ? ಫಸ್ಟ್ ಬೇಸ್‌ನಲ್ಲೇ ಹುಟ್ಟಿ ಅಲ್ಲೇ ಮುಗಿದವರು ಕಡಿಮೆ.

ನಮ್ಮವರಿಗೆ ಇದು ಬೇಗ ಅರ್ಥವಾಗಬೇಕು. ಮೇಳಕ್ಕೆ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲ ಕುಣಿದು, ಮುಂದೆ ಚುರುಕು ಕುಣಿತದ ಪುಂಡುವೇಷಕ್ಕೆ ಬರುತ್ತಾನೆ, ಅಭಿಮನ್ಯು ಆಗಿ ದಿಗಿಣ ಹಾರುತ್ತಾನೆ. ಮಂಡಿ ಸವೆದ ಮೇಲೆ ದಿಗಿಣ ಆಗುವುದಿಲ್ಲ, ಆದರೆ ಅಷ್ಟು ವರ್ಷದ ರಂಗದ ಬುದ್ಧಿ ಎಲ್ಲಿಗೂ ಹೋಗಿರುವುದಿಲ್ಲ, ಮಾತಿನ ಬಲದ ರಾಜವೇಷಕ್ಕೆ ಬರುತ್ತಾನೆ. ಬೇಸ್‌ಬಾಲ್‌ನಲ್ಲಿ ಕಾಲು ನಿಧಾನ ಆದವನು, ಮೊಣಕೈಗೆ ಪೆಟ್ಟಾದವನು ಬರುವ ಜಾಗ ಫಸ್ಟ್ ಬೇಸ್. ಅರ್ನಿ ಬ್ಯಾಂಕ್ಸ್ ಶಿಕಾಗೋ ಕಬ್ಸ್‌ನ ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ನಡುವಿನ ಫೀಲ್ಡರ್) ಆಗಿ ಹೆಸರು ಮಾಡಿದವರು, ಆದರೆ ಕೊನೆಗೆ ಲೆಕ್ಕ ಹಾಕಿದರೆ ಫಸ್ಟ್ ಬೇಸ್‌ನಲ್ಲಿ ಆಡಿದ ಪಂದ್ಯಗಳೇ ಜಾಸ್ತಿ. ಜೋ ಮಾವರ್ ಕ್ಯಾಚರ್ (ನಮ್ಮ ವಿಕೆಟ್ ಕೀಪರಿನ ಹಾಗೆ ಬ್ಯಾಟರ್ ಹಿಂದೆ ಕೂರುವವರು) ಆಗಿದ್ದವರು, 2013ರಲ್ಲಿ ತಲೆಗೆ ಪೆಟ್ಟಾದ ಮೇಲೆ ಮುಂದಿನ ವರ್ಷದಿಂದ ಇಲ್ಲಿಗೆ ಬಂದರು. ಬ್ರೈಸ್ ಹಾರ್ಪರ್ ಮೊಣಕೈ ಶಸ್ತ್ರಚಿಕಿತ್ಸೆ ಆದ ಮೇಲೆ 2023ರಲ್ಲಿ ಬಂದರು. ಜಪಾನಿನ ಸದಹರು ಓ ಹೈಸ್ಕೂಲಿನಲ್ಲಿ ಪಿಚರ್ (ಬ್ಯಾಟರಿಗೆ ಚೆಂಡೆಸೆಯುವವರು), ಯೋಮಿಯೂರಿ ಜೈಂಟ್ಸ್ ಸೇರಿ ಫಸ್ಟ್ ಬೇಸ್‌ಗೆ ಬದಲಾಗಿ 1980ರಲ್ಲಿ ನಿಲ್ಲಿಸುವಾಗ 868 ಹೋಂ ರನ್ ಹೊಡೆದಿದ್ದರು.

ಇನ್ನೊಂದು ವಿಷಯ ಹೇಳಲೇಬೇಕು. 15 ಏಪ್ರಿಲ್ 1947ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್‌ಗೆ ಆಡಿ, ಕರಿಯರಿಗೆ ದಶಕಗಳ ಕಾಲ ಮುಚ್ಚಿದ್ದ ಬಾಗಿಲು ತೆರೆದರಲ್ಲ, ಅವತ್ತು ಅವರು ನಿಂತದ್ದು ಫಸ್ಟ್ ಬೇಸ್‌ನಲ್ಲಿ. ಸೆಕೆಂಡ್ ಬೇಸ್‌ಗೆ ಹೋದದ್ದು ಮುಂದಿನ ವರ್ಷ.

ಹಾಗಾಗಿ ಜಾಗ ಬದಲಾದ ವರ್ಷ ಕಂಡರೆ ಅಲ್ಲಿ ನಿಲ್ಲಿ, ಆ ವರ್ಷ ಏನಾಯಿತು ಅಂತ ಹುಡುಕಿ. ಗಾಯವೋ, ವಯಸ್ಸೋ, ಹೊಸ ಹುಡುಗನಿಗೆ ಜಾಗ ಬಿಟ್ಟದ್ದೋ, ಏನಾದರೂ ಇರುತ್ತದೆ.

ಸಂಖ್ಯೆ ಓದುವಾಗ ಕ್ರಿಕೆಟ್ ಮರೆತುಬಿಡಿ

ಬ್ಯಾಟಿಂಗ್ ಸರಾಸರಿ 0.300 ಅಂದರೆ 10 ಸಲದಲ್ಲಿ 3 ಸಲ ಹಿಟ್, ಅಂದರೆ ಹೊಡೆದು ಬೇಸ್ ತಲುಪಿದ್ದು. ಅಷ್ಟೇ. ಅದು ಒಳ್ಳೆ ಸರಾಸರಿ. ಅದರ ಪಕ್ಕದ ಎರಡು ಸಂಖ್ಯೆಗಳನ್ನೂ ಓದಿ. ಎರಡನೆಯದು ಎಷ್ಟು ಸಲ ಔಟ್ ಆಗದೆ ಬೇಸ್ ತಲುಪಿದ ಅಂತ, ಮೂರನೆಯದು ಹೊಡೆತದಲ್ಲಿ ಎಷ್ಟು ಜೋರಿತ್ತು ಅಂತ. ನ್ಯೂಯಾರ್ಕ್ ಯಾಂಕೀಸ್‌ನ ಹಳೇ ಫಸ್ಟ್ ಬೇಸ್‌ಮನ್ ಲೂ ಗೆರಿಗ್ ಅವರದು 0.340, 0.447, 0.632. ಈ ಮೂರನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ, ಉಳಿದ ಹೆಚ್ಚಿನ ಫಸ್ಟ್ ಬೇಸ್‌ಮನ್‌ಗಳು ಇದಕ್ಕಿಂತ ಕೆಳಗೇ ಕಾಣುತ್ತಾರೆ. ಫಸ್ಟ್ ಬೇಸ್‌ಮನ್ ಜೋರಾಗಿ ಹೊಡೆಯಲೇಬೇಕು, ಇಲ್ಲದಿದ್ದರೆ ಆ ಜಾಗ ಕೊಡುವುದಿಲ್ಲ. ಶಾರ್ಟ್‌ಸ್ಟಾಪ್‌ಗೆ ಸಿಗುವ ರಿಯಾಯಿತಿ ಇವನಿಗೆ ಇಲ್ಲ.

ಸುಮ್ನೆ ಒಟ್ಟು ಮೊತ್ತ ನೋಡಿ ಪುಟ ಮುಚ್ಚಬೇಡಿ, ವರ್ಷ ವರ್ಷ ಇಳಿಯುತ್ತಾ ಬನ್ನಿ. ಇದಕ್ಕೆ ಆಲ್ಬರ್ಟ್ ಪುಹೋಲ್ಸ್‌ಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. 1999ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ ದಿನ) ಅವರನ್ನು ಆರಿಸಿದ್ದು 13ನೇ ಸುತ್ತಿನಲ್ಲಿ, 402ನೆಯವರಾಗಿ. ಅವರಿಗಿಂತ ಮೊದಲು 401 ಹುಡುಗರನ್ನು ಕರೆದಿದ್ದರು. 2001ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಬಂದಾಗ ಖಾಯಂ ಜಾಗವೇ ಇರಲಿಲ್ಲ, ಥರ್ಡ್ ಬೇಸ್, ಔಟ್‌ಫೀಲ್ಡ್, ಎಲ್ಲಿ ಹೇಳಿದರೆ ಅಲ್ಲಿ. ಫಸ್ಟ್ ಬೇಸ್ ಅವರದೇ ಆದದ್ದು 2004ರಿಂದ. ಆದರೆ ಬ್ಯಾಟು ಮೊದಲ ವರ್ಷದಿಂದಲೇ ಮಾತಾಡಿತು. 2001ರಿಂದ 2010ರವರೆಗೆ ಹತ್ತಕ್ಕೆ ಹತ್ತು ವರ್ಷವೂ ಸರಾಸರಿ 0.300 ಮೇಲೆ, ಹೋಂ ರನ್ 30ರ ಮೇಲೆ, ತಂಡಕ್ಕೆ ತಂದ ರನ್ 100ರ ಮೇಲೆ. ಒಂದು ವರ್ಷವೂ ತಪ್ಪಲಿಲ್ಲ. ಹನ್ನೊಂದನೇ ವರ್ಷ ಸರಾಸರಿ 0.299, ತಂದ ರನ್ 99. ಆ ಸಾಲು ಮೊದಲ ಸಲ ಕಂಡಾಗ ನಾನು ಸ್ವಲ್ಪ ಹೊತ್ತು ಮುಂದೆ ಓದಲೇ ಇಲ್ಲ. ಆದರೆ ಅದೇ 2011ರಲ್ಲಿ ಅವರ ತಂಡ ಸೀಸನ್ನಿನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು.

ಆಮೇಲೆ ಏಂಜಲ್ಸ್ ತಂಡ, 10 ವರ್ಷಕ್ಕೆ 24 ಕೋಟಿ ಡಾಲರ್. ಆಗ ಅವರಿಗೆ 31 ದಾಟಿತ್ತು. ಇಲ್ಲಿ ಒಂದು ಸೂತ್ರ ಕಲಿಯಿರಿ: ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗಾದ ಮೇಜರ್ ಲೀಗಿನಲ್ಲಿ 6 ವರ್ಷ ಸೇವೆ ತುಂಬುವ ತನಕ ಆಟಗಾರ ಬೇಕಾದ ತಂಡಕ್ಕೆ ಹೋಗುವ ಹಾಗಿಲ್ಲ. ಹಾಗಾಗಿ ದೊಡ್ಡ ದುಡ್ಡು ಕೈಗೆ ಬರುವ ಹೊತ್ತಿಗೆ ಮೈ ಇಳಿಯಲು ಶುರುವಾಗಿರುತ್ತದೆ. ಪುಹೋಲ್ಸ್ ಪುಟದ ಕೆಳಗಿನ ಅರ್ಧದಲ್ಲಿ ಸರಾಸರಿ ಜಾರುವುದು ಕಾಣುತ್ತದೆ, ಜೊತೆಗೆ ಫೀಲ್ಡಿಂಗ್ ಇಲ್ಲದೆ ಬರೀ ಬ್ಯಾಟ್ ಮಾಡುವ ಡೆಸಿಗ್ನೇಟೆಡ್ ಹಿಟ್ಟರ್ ಆಗಿ ಆಡಿದ ಪಂದ್ಯಗಳು ಏರುವುದೂ ಕಾಣುತ್ತದೆ. 2021ರ ಮೇ ತಿಂಗಳಲ್ಲಿ ತಂಡ ಅವರನ್ನು ಕೈಬಿಟ್ಟಿತು. ಅಲ್ಲಿಗೆ ಮುಗಿಯಿತು ಅಂತ ಅಂದುಕೊಂಡವರೇ ಹೆಚ್ಚು. 2022ರಲ್ಲಿ, 42ನೇ ವಯಸ್ಸಿನಲ್ಲಿ, ಹಳೇ ಮನೆ ಸೇಂಟ್ ಲೂಯಿಸ್‌ಗೆ ವಾಪಸ್ ಬಂದು 24 ಹೋಂ ರನ್ ಹೊಡೆದರು. ಒಟ್ಟು 703. ಮೇಜರ್ ಲೀಗಿನಲ್ಲಿ 700 ದಾಟಿದವರು ಅವರನ್ನೂ ಸೇರಿಸಿ ನಾಲ್ಕೇ ಜನ.

ಕೊನೆಯ ಸಾಲನ್ನು ಹೇಗೆ ಓದುವುದು

ಗೆರಿಗ್ ಅವರ 1939ರ ಸಾಲು ತುಂಬ ಚಿಕ್ಕದು: 8 ಪಂದ್ಯ, 28 ಸಲದಲ್ಲಿ 4 ಹಿಟ್. ಅದರ ಹಿಂದೆ ಬಿಡದೆ ಆಡಿದ 2,130 ಪಂದ್ಯಗಳಿವೆ, 1925ರಿಂದ. ಮೈಯಲ್ಲಿ ಏನೋ ಸರಿಯಿಲ್ಲ ಅಂತ ಅವರಿಗೆ ಖಚಿತವಾದದ್ದು ಬ್ಯಾಟಿನಿಂದ ಅಲ್ಲ ಅಂತ ಹೇಳುತ್ತಾರೆ. ಫಸ್ಟ್ ಬೇಸ್‌ನಲ್ಲಿ ದಿನಾ ಮಾಡುವಂಥ ಒಂದು ಸುಲಭದ ಔಟ್ ಮಾಡಿದ್ದಕ್ಕೆ ತಂಡದವರು ಬಂದು ಶಭಾಷ್ ಅಂದರಂತೆ, ಆಗ ಗೊತ್ತಾಯಿತಂತೆ. ಮೇ 2ರಂದು ತಾವೇ ಹೋಗಿ ಇವತ್ತು ನನ್ನನ್ನು ಕೈಬಿಡಿ ಅಂದರು. ಎರಡು ವರ್ಷದಲ್ಲಿ ತೀರಿಕೊಂಡರು, ನರಗಳನ್ನು ತಿನ್ನುವ ಆ ಕಾಯಿಲೆಯನ್ನು ಅಮೆರಿಕದಲ್ಲಿ ಇವತ್ತಿಗೂ ಅವರ ಹೆಸರಿನಿಂದ ಕರೆಯುತ್ತಾರೆ.

ಬಾಸ್ಟನ್ ತಂಡದ ಫಸ್ಟ್ ಬೇಸ್‌ಮನ್ ಬಿಲ್ ಬಕ್ನರ್ ಅವರದು ಬೇರೆ ಕಥೆ. 25 ಅಕ್ಟೋಬರ್ 1986, ವರ್ಲ್ಡ್ ಸೀರೀಸಿನ ಆರನೇ ಪಂದ್ಯ, ಒಂದು ನಿಧಾನದ ಚೆಂಡು ಉರುಳಿ ಬಂದು ಅವರ ಕಾಲಿನ ನಡುವೆ ಹೋಯಿತು, ಬಾಸ್ಟನ್ ಸೋತಿತು. ಜನ ಅದೊಂದನ್ನೇ ನೆನಪಿಟ್ಟರು. ಆದರೆ ಆ ಚೆಂಡು ಬರುವ ಮೊದಲೇ ಬಾಸ್ಟನ್ ಮುನ್ನಡೆ ಕಳೆದುಕೊಂಡು ಸ್ಕೋರ್ ಸಮ ಆಗಿತ್ತು, ಆಮೇಲೆ ಏಳನೇ ಪಂದ್ಯವೂ ಇತ್ತು, ಅದನ್ನೂ ಸೋತರು. ಬಕ್ನರ್ ಪುಟ ತೆರೆಯಿರಿ. 22 ಸೀಸನ್, 2,715 ಹಿಟ್. ಗೆರಿಗ್ ಅವರದು 2,721. ಬರೀ 6 ಕಡಿಮೆ! ಬಕ್ನರ್ ಅಷ್ಟು ಮಾಡಲು ಜಾಸ್ತಿ ವರ್ಷ ತೆಗೆದುಕೊಂಡರು ನಿಜ, ಇಬ್ಬರೂ ಒಂದೇ ಎತ್ತರದವರು ಅಂತ ನಾನು ಹೇಳುವುದಿಲ್ಲ. ಆದರೆ ಕೆಟ್ಟ ಕಾಲಿನಲ್ಲಿ ಅಷ್ಟು ವರ್ಷ ಆಡಿದವನನ್ನು ಒಂದು ಚೆಂಡಿಗೆ ಇಳಿಸಿಬಿಡುವುದು ಅನ್ಯಾಯ. 2008ರಲ್ಲಿ ಬಾಸ್ಟನ್‌ನ ಜನ ಅವರನ್ನು ಮೈದಾನಕ್ಕೆ ಕರೆಸಿ, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ವಿಡಿಯೋ ಸಿಗುತ್ತದೆ, ನೋಡಿ.

ಈಗ ಯಾರನ್ನು ಹಿಡಿಯುವುದು

ನನ್ನ ಸಲಹೆ ಫ್ರೆಡ್ಡಿ ಫ್ರೀಮನ್. 2007ರಲ್ಲಿ ಎರಡನೇ ಸುತ್ತಿನಲ್ಲಿ ಆಯ್ಕೆ, 2010ರಲ್ಲಿ ಅಟ್ಲಾಂಟಾಗೆ ಮೊದಲ ಪಂದ್ಯ, 2022ರಿಂದ ಲಾಸ್ ಏಂಜಲೀಸ್ ಡಾಡ್ಜರ್ಸ್. 2024ರ ವರ್ಲ್ಡ್ ಸೀರೀಸಿನ ಮೊದಲ ಪಂದ್ಯ ನಮಗೆ ಶನಿವಾರ ಬೆಳಿಗ್ಗೆ ಮುಗಿಯಿತು. ಉಳುಕಿದ ಪಾದದಲ್ಲಿ ನಿಂತು, ಹತ್ತನೇ ಇನಿಂಗ್ಸಿನಲ್ಲಿ, ಬೇಸ್ ಮೂರೂ ತುಂಬಿರುವಾಗ ಅವರು ಹೋಂ ರನ್ ಹೊಡೆದು ಗೆಲ್ಲಿಸಿದರು. ವರ್ಲ್ಡ್ ಸೀರೀಸ್ ಚರಿತ್ರೆಯಲ್ಲಿ ಪಂದ್ಯ ಹಾಗೆ ಮುಗಿದದ್ದು ಅದೇ ಮೊದಲು. ಆ ಹೊಡೆತವನ್ನು ಎಲ್ಲರೂ ನೋಡಿದ್ದಾರೆ. ನೀವು ಅವರ ಕಾಲು ನೋಡಿ. ನೆಲಕ್ಕೆ ಬಡಿದ ಎಸೆತಗಳಿಗೆ ಅವರು ಹೇಗೆ ಕಾಯುತ್ತಾರೆ, ಎಷ್ಟು ತಡವಾಗಿ ಚಾಚುತ್ತಾರೆ ಅಂತ.

ಡಾಡ್ಜರ್ಸ್ ತಮ್ಮ ಊರಲ್ಲಿ ರಾತ್ರಿ ಆಡುವ ಪಂದ್ಯ ನಮಗೆ ಬೇಸಿಗೆ, ಮಳೆಗಾಲದಲ್ಲಿ ಬೆಳಿಗ್ಗೆ 7.40ರ ಹೊತ್ತಿಗೆ, ತಿಂಡಿ ತಿನ್ನುತ್ತಾ ನೋಡಬಹುದು. ಪೂರ್ವ ಕರಾವಳಿಯಲ್ಲಿ ಮಧ್ಯಾಹ್ನ 1ಕ್ಕೆ ಇದ್ದರೆ ನಮಗೆ ರಾತ್ರಿ 10.30. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮೊದಲ ಮೂರು ಇನಿಂಗ್ಸ್ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ, ಫಸ್ಟ್ ಬೇಸ್ ಮೇಲೆಯೇ ಇಡಿ. ಕ್ಯಾಮೆರಾ ಬೇರೆ ಕಡೆ ಹೋದರೆ ರಿಪ್ಲೇಗೆ ಕಾಯಿರಿ. ಎಸೆತ ಕೆಟ್ಟು ಬಂದು, ಅವನು ಹಿಡಿದು, ಔಟ್ ಆದ ಪ್ರತಿ ಸಲ ಒಂದು ಗೆರೆ ಎಳೆಯಿರಿ. ಪಂದ್ಯ ಮುಗಿದ ಮೇಲೆ ಸ್ಕೋರ್‌ಕಾರ್ಡ್ ತೆರೆದು ನಿಮ್ಮ ಗೆರೆಗಳ ಪಕ್ಕ ಇಟ್ಟು ನೋಡಿ.