ಗುಲ್ಮದ ಆಪರೇಷನ್ ಆದವರಿಗೆ ಜ್ವರ ಬಂದರೆ

ಲಿಂಫೋಮಾ (ದುಗ್ಧರಸ ಗ್ರಂಥಿಗಳ ಕ್ಯಾನ್ಸರ್) ಇರುವವರಿಗೆ ಗುಲ್ಮದ, ಅಂದರೆ ರಕ್ತದಲ್ಲಿನ ರೋಗಾಣುಗಳನ್ನು ಸೋಸುವ, ಡಾಕ್ಟರು ಸ್ಪ್ಲೀನ್ ಎನ್ನುವ ಅಂಗದ ಆಪರೇಷನ್ ನಿಗದಿಯಾದರೆ ಮನೆಯವರ ಗಮನವೆಲ್ಲ ಆ ದಿನದ ಮೇಲೇ ಇರುತ್ತದೆ. ಎಡವಟ್ಟಾಗುವುದು ಅದಕ್ಕೂ ಮೊದಲು, ಇಲ್ಲವೇ ವರ್ಷಗಳು ಕಳೆದ ಮೇಲೆ.

ಇಡೀ ಗುಲ್ಮ ತೆಗೆಯಲೇಬೇಕೇ ಎಂದು ಸರ್ಜನ್ ಹತ್ತಿರ ಮೊದಲೇ ಕೇಳಿ. ಹಿಂದೆ ಹಾಡ್ಜ್‌ಕಿನ್ ಎಂಬ ಬಗೆಯ ಲಿಂಫೋಮಾ ಎಲ್ಲೆಲ್ಲಿ ಹರಡಿದೆ ಎಂದು ತಿಳಿಯಲೆಂದೇ ಹೊಟ್ಟೆ ಕೊಯ್ದು ಗುಲ್ಮ ತೆಗೆಯುತ್ತಿದ್ದರು. ಸಿಟಿ, ಪೆಟ್ ಸ್ಕ್ಯಾನ್ ಬಂದ ಮೇಲೆ ಅದು ನಿಂತಿತು. ಗಡ್ಡೆ ಒಂದೇ ತುದಿಯಲ್ಲಿದ್ದರೆ ಕೆಲವರಲ್ಲಿ ಆ ಭಾಗವನ್ನಷ್ಟೇ ತೆಗೆದು, ರಕ್ತನಾಳ ಸಮೇತ ಕಾಲುಭಾಗಕ್ಕಿಂತ ಹೆಚ್ಚು ಉಳಿಸಲು ನೋಡುತ್ತಾರೆ. ಗುಲ್ಮದ ತುಂಬ ಕಾಯಿಲೆ ಹರಡಿದ್ದರೆ ಆ ಮಾತಿಲ್ಲ. ಉಳಿದಿದೆ ಎಂದಮಾತ್ರಕ್ಕೆ ಕೆಲಸ ಮಾಡುತ್ತಿದೆ ಎಂದು ನಂಬಿ ಕೂರಬೇಡಿ. ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ನೋಡುವ ಸ್ಮಿಯರ್ ಪರೀಕ್ಷೆಯಲ್ಲಿ ಕೆಂಪುಕಣದೊಳಗೆ ಕಡು ನೇರಳೆ ಬಣ್ಣದ ಸಣ್ಣ ಬೊಟ್ಟು ಕಂಡರೆ (ಲ್ಯಾಬ್ ರಿಪೋರ್ಟಿನಲ್ಲಿ 'ಹೋವೆಲ್–ಜಾಲಿ ಬಾಡಿ'), ಸೋಸುವ ಕೆಲಸ ಕುಂದಿದೆ ಎಂದರ್ಥ. ಅದು ಕಾಣದಿದ್ದರೂ ಜ್ವರದ ಎಚ್ಚರ ಬಿಡುವಂತಿಲ್ಲ.

ಲಸಿಕೆ: ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಎಂಬ ಮೂರು ಬ್ಯಾಕ್ಟೀರಿಯಾಗಳ ವಿರುದ್ಧದ ಲಸಿಕೆಗಳನ್ನೂ ಆಪರೇಷನ್ನಿಗೆ ಕನಿಷ್ಠ 2 ವಾರ ಮೊದಲೇ ಶುರು ಮಾಡಿಸಿ. ತುರ್ತಾಗಿ ಆಪರೇಷನ್ ಆಗಿಹೋಗಿದ್ದರೆ 2 ವಾರ ಬಿಟ್ಟು ಕೊಡಿಸುವುದು ಒಳ್ಳೆಯದು. ಲಿಂಫೋಮಾಕ್ಕೆ ಕೊಡುವ ರಿಟುಕ್ಸಿಮ್ಯಾಬ್ ಔಷಧಿ ಪಡೆದ ಮೇಲೆ ಸುಮಾರು 6 ತಿಂಗಳು ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಆ ಔಷಧಿ ಶುರುವಾಗುವ ಮುಂಚೆಯೇ ಈ ಮಾತೆತ್ತಿ. ಮೆನಿಂಗೋಕಾಕಸ್ ಬೂಸ್ಟರ್ 5 ವರ್ಷಕ್ಕೊಮ್ಮೆ, ಫ್ಲೂ ಲಸಿಕೆ ಪ್ರತಿ ವರ್ಷ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆನ್ನುವ ಪುಡಿ, ಕಷಾಯದ ಡಬ್ಬಿಗಳಿಗೆ ದುಡ್ಡು ಸುರಿಯಬೇಡಿ. ಲಸಿಕೆಯ ಕೆಲಸ ಅವು ಮಾಡುವುದಿಲ್ಲ.

ಇನ್ನು ಜ್ವರ. ಹೆಚ್ಚಿನವರು ತಪ್ಪುವುದೇ ಇಲ್ಲಿ. ರಾತ್ರಿ ಮೈ ಬಿಸಿಯಾಗುತ್ತದೆ, ಒಂದು ಪ್ಯಾರಾಸಿಟಮಾಲ್ ನುಂಗಿಸುತ್ತಾರೆ, ಬೆವರಿ ಜ್ವರ ಇಳಿಯುತ್ತದೆ, ಬೆಳಿಗ್ಗೆ ನೋಡೋಣ ಎಂದು ಮಲಗುತ್ತಾರೆ. ಇಳಿದದ್ದು ಥರ್ಮಾಮೀಟರಿನ ಅಂಕಿ ಮಾತ್ರ. ರಕ್ತದಲ್ಲಿ ನ್ಯುಮೋಕಾಕಸ್ ಇದ್ದರೆ ಅದನ್ನು ಸೋಸಿ ಹಾಕಬೇಕಾದ ಗುಲ್ಮವೇ ಇಲ್ಲ. 24ರಿಂದ 48 ಗಂಟೆಯೊಳಗೆ ಬಿ.ಪಿ. ಕುಸಿದು ಜೀವವೇ ಹೋಗಬಹುದು.

ಹಾಗಾಗಿ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಅಥವಾ ಜ್ವರವಿಲ್ಲದೆಯೂ ಹಲ್ಲು ಕಟಕಟ ಎನ್ನುವಷ್ಟು ಚಳಿ ನಡುಕ ಬಂದರೆ, ಆ ಗಳಿಗೆಯಲ್ಲೇ ಹೊರಡಿ. ಡಾಕ್ಟರು ಮೊದಲೇ ಬರೆದುಕೊಟ್ಟ ತುರ್ತು ಆ್ಯಂಟಿಬಯೋಟಿಕ್ (ಸಾಮಾನ್ಯವಾಗಿ ಅಮಾಕ್ಸಿಸಿಲಿನ್–ಕ್ಲಾವುಲನೇಟ್, ಪೆನಿಸಿಲಿನ್ ಅಲರ್ಜಿ ಇದ್ದರೆ ಬೇರೆ) ನುಂಗಿಸಿಯೇ ಗಾಡಿ ಹತ್ತಿಸಿ. ಮಾತ್ರೆ ತಗೊಂಡಾಯಿತಲ್ಲ ಎಂದು ಮನೆಯಲ್ಲೇ ಉಳಿದರೆ ಅದೇ ದೊಡ್ಡ ತಪ್ಪು. ಎಮರ್ಜೆನ್ಸಿಯಲ್ಲಿ ಚೀಟಿ ಮಾಡಿಸುವಾಗಲೇ "ಗುಲ್ಮ ಇಲ್ಲ, ಲಿಂಫೋಮಾ ಇದೆ" ಎಂದು ಗಟ್ಟಿಯಾಗಿ ಹೇಳಿ, ಡಿಸ್ಚಾರ್ಜ್ ಸಮ್ಮರಿ ಮುಂದಿಡಿ. ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ರಕ್ತ ತೆಗೆದ ಕೂಡಲೇ ನರಕ್ಕೆ ಆ್ಯಂಟಿಬಯೋಟಿಕ್ ಬೀಳಬೇಕು, ರಿಪೋರ್ಟಿಗೆ ಕಾಯುವಂತಿಲ್ಲ.

ಹಣೆಗೆ ಗುರಿಯಿಡುವ ಗನ್ ಥರ್ಮಾಮೀಟರ್ ಇದಕ್ಕೆ ಬೇಡ, ಫ್ಯಾನಿನಡಿ ಕೂತವರಿಗೆ ಕಮ್ಮಿ ತೋರಿಸುತ್ತದೆ. ನಾಲಿಗೆಯಡಿ ಇಡುವ ಸಾದಾ ಡಿಜಿಟಲ್ ಸಾಕು.

ಮಂಗಳೂರಿನಂಥ ಮಲೇರಿಯಾ ಇರುವ ಊರಿಗೆ ಹೋಗಿಬಂದಿದ್ದರೆ ಅದನ್ನೂ ಹೇಳಿ, ಗುಲ್ಮವಿಲ್ಲದವರಲ್ಲಿ ಅದೂ ಜೋರಾಗಿಯೇ ಬರುತ್ತದೆ. ನಾಯಿ ಕಚ್ಚಿದರೆ ರೇಬೀಸ್ ಚುಚ್ಚುಮದ್ದಷ್ಟೇ ಸಾಲದು. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆ್ಯಂಟಿಬಯೋಟಿಕ್ ಬರೆಸಿಕೊಳ್ಳಿ.