ಪೇಂಟ್ ಹೊಡಿಸ್ದೇನೇ ಆರ್‌ಡಿ 350 ಮಾರಿದ್ದು: ನನ್ನ ಅನುಭವ

ಪೇಂಟ್ ಇಲ್ದೆ, ಹೊಸ ಕ್ರೋಮ್ ಇಲ್ದೆ, ಟ್ಯಾಂಕಿನ ಎಡಗಡೆ ನೆಗ್ಗಿದ್ದು ನೆಗ್ಗಿದಂಗೇ ಬಿಟ್ಟು, ಒಂದು ರಾಜದೂತ್ 350ನ (ಆರ್‌ಡಿ ಅಂತ ಕರಿಯೋ ಹಳೇ ಎರಡು ಸಿಲಿಂಡರ್ ಟೂ-ಸ್ಟ್ರೋಕ್ ಬೈಕು) ಹತ್ತತ್ರ 3 ಲಕ್ಷ 40 ಸಾವಿರಕ್ಕೆ ಮಾರೀನಿ. ದಾವಣಗೆರೆಲಿ ಈ ಲೈನಲ್ಲಿರೋ ಮುಕ್ಕಾಲು ಜನ ಆಗಲ್ಲ ಅಂದಿದ್ರು. ಪಿ.ಬಿ. ರೋಡಿನ ಗ್ಯಾರೇಜ್ ಹುಡುಗ್ರಂತೂ "ಅಣ್ಣ, ಗಾಡಿ ಫಸ್ಟು ಕಣ್ಣಿಗೆ ಹೊಡೀಬೇಕು, ಇಂಜಿನ್ ಬಿಚ್ಚಿ ಕ್ರ್ಯಾಂಕ್ ಯಾರ್ ನೋಡ್ತಾರೆ" ಅಂತ ಎದುರಿಗೇ ನಕ್ಕಿದ್ರು. ಈಗ ಅದೇ ಹುಡುಗ್ರು ಫೋನ್ ಮಾಡಿ ಹೆಂಗ್ ಮಾಡಿದ್ರಿ ಅಂತ ಕೇಳ್ತಾರೆ, ಒಬ್ಬೊಬ್ರಿಗೂ ಹೇಳೋ ಬದ್ಲು ಬರ್ದೇ ಬಿಡೋಣ ಅಂತ.

ಮುಂಚೆ ಯಮಹಾ ಆರ್‌ಎಕ್ಸ್ 100 ಬೈಕ್ ತಂದು ಎಲ್ಲರಂಗೇ ಮದುಮಗಳ ಥರ ಸಿಂಗಾರ ಮಾಡಿ ಮಾರ್ತಿದ್ದೆ. ಪೇಂಟು, ಸ್ಟಿಕರ್ರು, ಕ್ರೋಮು, ಪೌಡರ್ ಕೋಟಿಂಗು ಅಂತ ಒಂದ್ ಗಾಡಿಗೆ 28-30 ಸಾವಿರ ಮೇಲ್ಮೇಲೇ ಹೋಗೋದು, ಕೊನೆಗೆ ಕೈಲಿ ಉಳಿಯೋದು ಐದಾರು ಸಾವಿರ, ಅದೂ ಮೂರ್ನಾಲ್ಕು ತಿಂಗಳು ದುಡ್ಡು ಸಿಗಾಕಿಸ್ಕೊಂಡಿದ್ದಕ್ಕೆ. ಒಬ್ರು ಕ್ರೋಮ್ ಮಾಡೋರು ಒರಿಜಿನಲ್ ಸೈಲೆನ್ಸರನ್ನ ಬಫಿಂಗಲ್ಲಿ ಉಜ್ಜಿ ಉಜ್ಜಿ ತಗಡು ಹಪ್ಪಳ ಮಾಡಿ, ಮೇಲಿದ್ದ ಪಂಚಿಂಗ್ ಅಕ್ಷರನೂ ಅಳಿಸಿ ಕೈಗೆ ಕೊಟ್ರು. ಆ ಸೈಲೆನ್ಸರ್ ಬೆಲೆ ಏನು ಅಂತ ಆರ್‌ಎಕ್ಸ್ ಇಟ್ಕೊಂಡೋರಿಗೆ ಹೇಳೋದೇ ಬ್ಯಾಡ. ಇನ್ನೊಂದು ಕಡೆ, ನಿಜವಾಗ್ಲೂ ದುಡ್ಡಿರೋ ಗಿರಾಕಿ ಬಂದ್ರೆ ಫಸ್ಟ್ ಕೇಳೋದೇ "ಪೇಂಟ್ ಕಂಪ್ನಿದಾ?" ಅಂತ. ಹೊಸಾ ಪೇಂಟಿನ ಕೆಳಗೆ ಪುಟ್ಟಿ ಐತೋ, ವೆಲ್ಡಿಂಗ್ ಐತೋ, ನಂಬರ್ ತಿರುಗಾ ಹೊಡ್ದಾರೋ ಅನ್ನೋ ಅನುಮಾನ ಅವ್ರಿಗೆ, ಅದು ನ್ಯಾಯವಾದ ಅನುಮಾನನೇ. ಅವಾಗ್ಲೇ ತಲೆಗೆ ಬಂತು, ಕಾಣೋ ಕಡೆ ಒಂದ್ ರೂಪಾಯಿ ಹಾಕಬಾರ್ದು, ಎಲ್ಲಾ ದುಡ್ಡು ಕ್ರ್ಯಾಂಕು (ಪಿಸ್ಟನ್ ಏಟಿಗೆ ತಿರುಗೋ ಇಂಜಿನ್ ದಂಡ), ಗಾಳಿ ಎಣ್ಣೆ ಸೋರದಂಗೆ ಅದರ ತುದೀಲಿ ಕೂರೋ ಸೀಲು, ಕಾಗದಪತ್ರಕ್ಕೇ ಸುರೀಬೇಕು ಅಂತ.

ಗಾಡಿ ಸಿಕ್ಕಿದ್ದು ಚನ್ನಗಿರಿ ಕಡೆ ಅಡಿಕೆ ತೋಟದ ಮನೇಲಿ. ಯಜಮಾನ್ರು ತೀರ್ಕೊಂಡು ಎಷ್ಟೋ ವರ್ಷ ಆಗಿತ್ತು, ಗಾಡಿ ಮೇಲೆ ಅಡಿಕೆ ಚೀಲ, ಸೀಟೊಳಗೆ ಇಲಿ ಗೂಡು, ವೈರಿಂಗ್ ಪೂರ್ತಿ ಇಲಿ ಪಾಲು. ಆದ್ರೆ ಬಣ್ಣ ಯಾರೂ ಮುಟ್ಟಿರ್ಲಿಲ್ಲ. ತೆಳೂ ಕಾಗದ ಸುತ್ತಿದ ಸಣ್ಣ ಮ್ಯಾಗ್ನೆಟ್ ಇಟ್ಕೊಂಡೇ ಓಡಾಡ್ತೀನಿ ನಾನು, ಟ್ಯಾಂಕು ಮಡ್‌ಗಾರ್ಡು ಎಲ್ಲಾ ಕಡೆ ಒಂದೇ ಸಮ ಹಿಡೀತು, ಪುಟ್ಟಿ ಇದ್ದ ಕಡೆ ಅದು ಜಾರ್ತೈತೆ. ಎಲ್‌ಟಿ (ಲೋ ಟಾರ್ಕ್, ಕಮ್ಮಿ ಪವರಿಂದು) ಮಾಡೆಲ್ಲು, 27 ಎಚ್‌ಪಿದು. ಬ್ರೋಕರ್‌ಗಳು ಎಲ್ಲಾದನ್ನೂ ಎಚ್‌ಟಿ (ಹೈ ಟಾರ್ಕ್), 30.5 ಎಚ್‌ಪಿ ಅಂತ್ಲೇ ಹೇಳಿ ಮಾರ್ತಾರೆ, ಅದು ನಂಗೆ ಆಗಿ ಬರಲ್ಲ, ಎಲ್‌ಟಿನ ಎಲ್‌ಟಿ ಅಂತ್ಲೇ ಹೇಳೀನಿ.

1 ಲಕ್ಷ 35ಕ್ಕೆ ಮಾತಾಯ್ತು. ಅಡ್ವಾನ್ಸ್ 10 ಸಾವಿರ ಅಷ್ಟೇ, ಉಳಿದಿದ್ದು ಆರ್‌ಸಿ ನನ್ನ ಹೆಸ್ರಿಗೆ ಆದ್ಮೇಲೆ. ದೊಡ್ಡ ಮಗ "ಏನ್ರೀ ಇದು, ದುಡ್ಡು ಇಸ್ಕಳ್ಳದೆ ಗಾಡಿ ಕೊಡೋದಾ" ಅಂತ ಸ್ವಲ್ಪ ಬೇಜಾರಾದ್ರು. "ಗಾಡಿ ನಿಮ್ಮ ಮನೇಲೇ ಇರ್ಲಿ ಗೌಡ್ರೆ, ಕಾಗದ ಆಗ್ಲಿ ಮೊದ್ಲು" ಅಂದೆ. ಸತ್ತೋರ ಹೆಸ್ರಲ್ಲಿರೋ ಗಾಡಿಗೆ ಫಾರ್ಮ್ 31, ವಂಶವೃಕ್ಷ, ಮಿಕ್ಕ ಅಣ್ಣತಮ್ಮಂದಿರ ಒಪ್ಪಿಗೆ ಅಫಿಡವಿಟ್ಟು, ಆಮೇಲೆ ನನ್ನ ಹೆಸ್ರಿಗೆ ಫಾರ್ಮ್ 29, 30. ಪುಸ್ತಕದ ಆರ್‌ಸಿ ಆನ್‌ಲೈನಲ್ಲೇ ಇರ್ಲಿಲ್ಲ, ಬ್ಯಾಕ್‌ಲಾಗ್ ಎಂಟ್ರಿ (ಹಳೇ ದಾಖಲೆ ಆನ್‌ಲೈನಿಗೆ ಏರಿಸೋದು) ಆಗೋವರೆಗೂ ಬ್ಯಾರೆ ಏನೂ ಮುಂದೆ ಹೋಗಲ್ಲ. 50 ವರ್ಷ ದಾಟಿಲ್ಲ ಅಂತ 2021ರ ವಿಂಟೇಜ್ ರೂಲೂ ಬರಲ್ಲ, ಹಂಗಾಗಿ ಎಫ್‌ಸಿ, ಗ್ರೀನ್ ಟ್ಯಾಕ್ಸ್ ಎಲ್ಲಾ ಮಾಮೂಲಿ ದಾರಿ. ಓಡಾಟ ಸೇರಿ 12 ಸಾವಿರದ ಆಸುಪಾಸು ಆಯ್ತು. ಇದ್ರಲ್ಲಿ ಜುಗ್ಗತನ ಮಾಡೋರು ಕ್ಲಾಸಿಕ್ ಗಾಡಿ ಬಿಸಿನೆಸ್ಸಿಗೆ ಬರಲೇಬಾರ್ದು.

ಇನ್ನು ಇಂಜಿನ್ನು. ಇಲ್ಲೇ ಟೈಮೂ ದುಡ್ಡೂ ಜಾಸ್ತಿ ತಿಂದಿದ್ದು. ಕ್ರ್ಯಾಂಕನ್ನ ಹರಿಹರದಲ್ಲಿ ಮಾಡಿಸ್ದೆ, ಅಲ್ಲಿ ಲೇತ್ ಕೆಲಸ ರಕ್ತದಲ್ಲೇ ಇರೋ ಹಳೇ ಕೈಗಳು ಇನ್ನೂ ಅದಾವೆ. ಅಜ್ಜ ಒಬ್ರು, ಹೊಸಾ ರಾಡು ಬೇರಿಂಗ್ ಕೂರಿಸಿ, ವಿ-ಬ್ಲಾಕ್ ಮೇಲಿಟ್ಟು, ಡಯಲ್ ಗೇಜ್ ಹಚ್ಚಿ, ತಾಮ್ರದ ಸುತ್ತಿಗೇಲಿ ಒಂದ್ ಏಟು ಹಾಕ್ತಾರೆ, ಮುಳ್ಳು ನೋಡ್ತಾರೆ, ಕ್ರ್ಯಾಂಕ್ ತಿರುಗಿಸ್ತಾರೆ, ಇನ್ನೊಂದು ಏಟು. ಅರ್ಧ ದಿನ ಹಂಗೇ. ಕ್ರ್ಯಾಂಕಿನ ಓರೆ 0.03 ಎಂಎಂ ಒಳಗೆ ಬರೋವರ್ಗೂ ಟೀನೂ ಕುಡೀಲಿಲ್ಲ ಪುಣ್ಯಾತ್ಮ. ಸೀಲೂ ಸೇರಿ ಕ್ರ್ಯಾಂಕಿಗೆ 30 ಸಾವಿರ ಅಂತಿಟ್ಕಳ್ರಿ, ಬೋರು ಪಿಸ್ಟನ್ನು 9 ಸಾವಿರ. ಪಿಸ್ಟನ್ ಕ್ಲಿಯರೆನ್ಸ್ (ಬೋರಿಗೂ ಪಿಸ್ಟನ್ನಿಗೂ ನಡುವಿನ ಸಂದು) ಎಷ್ಟು ಬಿಡಿಸ್ದೆ ಅನ್ನೋದು ಮಾತ್ರ ನಂಗೂ ಅಜ್ಜಂಗೂ ಇರ್ಲಿ.

ಎಲ್ಲಾ ಕಟ್ಟಿ, ಪಿಸ್ಟನ್ ಮೇಲಿನ ತುದಿ ಮುಟ್ಟೋಕೆ 2.0 ಎಂಎಂ ಮುಂಚೆ ಕಿಡಿ ಬರೋ ಹಂಗೆ ಪಾಯಿಂಟ್ಸ್ ಎರಡೂ ಕಡೆ ಸೆಟ್ ಮಾಡಿ ಓಡಿಸಿದ್ರೆ, ಬಿಸಿಲಲ್ಲಿ ಆನಗೋಡು ದಾಟೋದ್ರೊಳಗೆ ಎಡಗಡೆ ಪಿಸ್ಟನ್ ಬಿಸಿಗೆ ಉಬ್ಬಿ ಬೋರಲ್ಲಿ ಹಿಡ್ಕೊಂಡು ನಿಂತ್ಬಿಡ್ತು. ತಣ್ಣಗಾದ್ಮೇಲೆ ಬಿಡ್ತು, ಪ್ಲಗ್ ಬಿಚ್ಚಿದ್ರೆ ಬಲಗಡೇದು ಚೆಂದ ಕಾಫಿ ಬಣ್ಣ, ಎಡಗಡೇದು ಸುಣ್ಣ ಬಳ್ದಂಗೆ ಬೆಳ್ಳಗೆ. ಬೆಳ್ಳಗಿದ್ರೆ ಪೆಟ್ರೋಲ್ ಸಾಲ್ತಿಲ್ಲ ಅಂತ, ಅದಕ್ಕೆ ಎಲ್ರೂ ಕಾರ್ಬುರೇಟರಲ್ಲಿ ಪೆಟ್ರೋಲ್ ಬಿಡೋ ಜೆಟ್ ದೊಡ್ಡದು ಹಾಕು ಅಂದ್ರು, ಹಾಕಿದ್ದಾಯ್ತು, ಮತ್ತೆ ಅದೇ ಬಿಳಿ. ಜೆಟ್ಟು, ನೀಡಲ್ಲು, ಫ್ಲೋಟ್ ಹೈಟು ಅಂತ ಅದ್ರ ಹಿಂದೆ ಬಿದ್ದು ಎರಡ್ಮೂರು ಸಾವಿರ ದಂಡ.

ಆಗ ಮಾಡಿದ್ದೇ ಬಿಪಿ ಗೇಜಿನ ಐಡಿಯಾ, ಇಂಜಿನ್ ಒಳಗೆ ಗಾಳಿ ತುಂಬಿ ಎಲ್ಲಾದ್ರೂ ಸೋರ್ತೈತಾ ನೋಡೋಕೆ. ಡಾಕ್ಟ್ರು ಬಿಪಿ ನೋಡೋ ಹಳೇ ಡಯಲ್ಲು, ಅದರ ರಬ್ಬರ್ ಬಲ್ಬು. ಎಕ್ಸಾಸ್ಟ್ ಎರಡಕ್ಕೂ ಲಾರಿ ಟ್ಯೂಬ್ ಕತ್ತರಿಸಿ ಪ್ಲೇಟ್ ಹಚ್ಚಿ ಬೋಲ್ಟ್ ಬಿಗಿದೆ, ಕಾರ್ಬುರೇಟರ್ ಕೂರೋ ರಬ್ಬರಿಗೆ ಮರದ ಬಿರಡೆ, ಒಂದ್ ಬಿರಡೇಲಿ ತೂತು ಮಾಡಿ ಪೈಪು. ಡಯಲ್ 300ರವರೆಗೆ ಹೋಗ್ತೈತೆ, ಅಂದ್ರೆ ಹತ್ತತ್ರ 6 ಪಿಎಸ್‌ಐ, ನಮಗೆ ಬೇಕಾದಷ್ಟೇ. 260ಕ್ಕೆ ಏರಿಸಿ ಬಿಟ್ರೆ ಆರು ನಿಮಿಷ ಮುಳ್ಳು ನಿಲ್ಬೇಕು. ಆರ್‌ಡಿ ಕ್ರ್ಯಾಂಕ್ ಮಧ್ಯದಲ್ಲಿ ಎರಡು ಸಿಲಿಂಡರ್ ಬೇರೆ ಮಾಡೋ ಲ್ಯಾಬಿರಿಂತ್ ಸೀಲ್ ಪೂರ್ತಿ ಮುಚ್ಚಲ್ಲ, ಅದಕ್ಕೆ ಎರಡೂ ಸಿಲಿಂಡರ್ ಒಟ್ಟಿಗೇ ಟೆಸ್ಟ್ ಮಾಡ್ಬೇಕು. ನನ್ನದು ಕಣ್ಣೆದುರಿಗೇ ಸುರ್ರಂತ ಇಳೀತು. ಸೋಪಿನ ನೀರು ಹಾಕಿದ್ರೆ ಆಲ್ಟರ್ನೇಟರ್ ಹಿಂದೆ ಎಡಗಡೆ ಸೀಲಿನ ಅಂಚಲ್ಲಿ ಸಣ್ಣ ಸಣ್ಣ ಗುಳ್ಳೆ! ಒರಿಜಿನಲ್ ಅಂತ ಪ್ಯಾಕೆಟ್ಟಲ್ಲಿ ಬಂದ ಹೊಸಾ ಸೀಲೇ ಲೀಕು. ಅಲ್ಲಿಂದ ಗಾಳಿ ಎಳ್ಕೊಂಡು ಮಿಕ್ಸ್ಚರ್ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಆಗ್ತಿತ್ತು, ಜೆಟ್ ಎಷ್ಟು ದೊಡ್ಡದಾದ್ರೇನು. ಬಲಗಡೆ ಸೀಲ್ ಹೋದ್ರೆ ಗೇರ್ ಆಯಿಲ್ ಎಳ್ದು ಬಿಳೀ ಹೊಗೆ ಬರ್ತೈತೆ, ಅದನ್ನ ಹಿಡಿಯಾಕೆ ಗೇರ್ ಆಯಿಲ್ ಹಾಕೋ ತೂತಿಗೆ ಬಲೂನ್ ಕಟ್ರಿ, ಬ್ರೀದರ್ (ಗೇರ್ ಬಾಕ್ಸಿನ ಗಾಳಿ ತೂತು) ಮುಚ್ರಿ, ಬಲ್ಬ್ ಒತ್ತಿದಾಗ ಬಲೂನ್ ಉಬ್ಬಿದ್ರೆ ಅಲ್ಲೇ ಐತೆ ಅಂತ.

ಬೇರೆ ಸೀಲ್ ತರ್ಸಿ ಹಾಕಿದ್ಮೇಲೆ 260ರಿಂದ 250ಕ್ಕೂ ಇಳೀಲಿಲ್ಲ. ಸೀಲ್ ಎಲ್ಲಿಂದ ತರ್ಸಿದೆ ಅಂತ ಕೇಳಬ್ಯಾಡ್ರಿ. ಎನ್‌ಎಚ್ 48ರಲ್ಲಿ ಭರಮಸಾಗರದ ಹತ್ರ ಫುಲ್ ಥ್ರಾಟಲಲ್ಲೇ ಆಫ್ ಮಾಡಿ ಕ್ಲಚ್ ಹಿಡ್ದು ಪ್ಲಗ್ ಬಿಚ್ಚಿದೆ, ಎರಡೂ ಒಂದೇ ಬಣ್ಣ. ಅವತ್ತು ದುರ್ಗದವರೆಗೂ ಹೋಗಿ ವಾಪಸ್ ಬಂದೆ, ಹೋಗ್ತಾ ಬರ್ತಾ 120 ಕಿಲೋಮೀಟರ್, ಎಲ್ಲೂ ಉಸಿರು ಕಟ್ಟಲಿಲ್ಲ.

ಮಧ್ಯದಲ್ಲಿ ಹರಳೆಣ್ಣೆ ಪ್ರಯೋಗನೂ ಒಂದು ನಡೀತು. ಹಳೇ ಕಾಲದ ರೇಸ್ ಗಾಡಿಗೆ ಹಾಕ್ತಿದ್ರಲ್ಲ, ಹಿರಿಯೂರು ಕಡೆ ಗಾಣದ್ದೇ ತಂದು ಒಂದು ಆರ್‌ಎಕ್ಸ್‌ಗೆ ಪೆಟ್ರೋಲಲ್ಲಿ ಕಲಸಿ ಓಡಿಸ್ದೆ. ವಾಸನೆ ಅಂದ್ರೆ ಬೀದಿ ಜನ ತಿರುಗಿ ನೋಡ್ಬೇಕು ಹಂಗೆ. ಆದ್ರೆ ಬೆಳಗ್ಗೆ ಚಳೀಲಿ ಎಣ್ಣೆ ಬೇರೆಯಾಗಿ ಕಾರ್ಬುರೇಟರ್ ಬೌಲ್ ತಳಕ್ಕೆ ಕೂರ್ತೈತೆ, ರಿಂಗಿಗೆ ಅಂಟು ಹಿಡೀತೈತೆ. ದಿನಾ ಓಡ್ಸೋ ಗಾಡಿಗೆ ಬ್ಯಾಡ. ಆರ್‌ಡಿ ಟ್ಯಾಂಕಿನ ಒಳಗಿನ ತುಕ್ಕು ತೆಗೆಯೋಕೆ ವಾಷಿಂಗ್ ಸೋಡಾ ನೀರು, ಬ್ಯಾಟ್ರಿ ಚಾರ್ಜರ್ರು, ಒಳಗೆ ಟ್ಯಾಂಕಿಗೆ ತಾಗದಂಗೆ ಕಬ್ಬಿಣದ ರಾಡು, ಪ್ಲಸ್ ರಾಡಿಗೆ ಮೈನಸ್ ಟ್ಯಾಂಕಿಗೆ. ಸ್ಟೇನ್‌ಲೆಸ್ ಸ್ಟೀಲ್ ರಾಡ್ ಹಾಕಬ್ಯಾಡ್ರಿ, ಕ್ರೋಮಿಯಂ ಬಿಟ್ಟು ನೀರು ವಿಷ ಆಗ್ತೈತೆ. ಗ್ಯಾಸ್ ಬರ್ತೈತೆ, ಬಯಲಲ್ಲೇ ಇಟ್ಟು ಮಾಡ್ರಿ. ಹೊರಗಿನ ಬಣ್ಣಕ್ಕೆ ಒಂಚೂರೂ ಏನೂ ಆಗ್ಲಿಲ್ಲ, ನಂಗೆ ಬೇಕಾಗಿದ್ದೂ ಅದೇ. ಈಗಿನ ಇ20 (ಎಥನಾಲ್ ಬೆರೆಸಿದ) ಪೆಟ್ರೋಲ್ ಹಳೇ ರಬ್ಬರ್ ತಿನ್ನೋದ್ರಿಂದ ಪೈಪುಗಳೆಲ್ಲಾ ಹೊಸಾವು.

ಕಾರ್ಬ್ ಕಿಟ್ಟು, ಟೈರು, ವೈರಿಂಗು, ಚಿಲ್ಲರೆ ಎಲ್ಲಾ ಸೇರಿ 24 ಸಾವಿರ. ಒಟ್ಟು ಬಿದ್ದಿದ್ದು 2 ಲಕ್ಷ 10ರ ಹತ್ರ. ಪೇಂಟು ಕ್ರೋಮಿಗೆ ಒಬ್ರು 45 ಸಾವಿರ ಕೇಳಿದ್ರು, ಆ ದುಡ್ಡು ಜೇಬಲ್ಲೇ ಉಳೀತು.

ಬೆಂಗಳೂರಿಂದ ಬಂದ ಗಿರಾಕಿಗೆ ಗಾಡಿ ಸ್ಟಾರ್ಟೇ ಮಾಡಿ ತೋರಿಸ್ಲಿಲ್ಲ ಮೊದ್ಲು. ಬಿಲ್ಲುಗಳ ಕಟ್ಟು ಕೈಗಿಟ್ಟೆ, ಮ್ಯಾಗ್ನೆಟ್ ಕೊಟ್ಟೆ, ಆಮೇಲೆ ಅವ್ರೆದುರಿಗೇ ಕಾರ್ಬು ಸೈಲೆನ್ಸರ್ ಇಳ್ಸಿ ಬಿಪಿ ಬಲ್ಬ್ ಅವ್ರ ಕೈಗೇ ಕೊಟ್ಟೆ, "ನೀವೇ ಒತ್ರಿ ಸಾರ್". ಒತ್ತಿ, ಮೊಬೈಲಲ್ಲಿ ಟೈಮ್ ಇಟ್ಟು ನೋಡ್ಕೊಂಡು ಕೂತ್ರು. ಮುಳ್ಳು ನಿಂತಿದ್ದು ನೋಡಿ "ಟ್ಯಾಂಕ್ ಡೆಂಟ್ ತೆಗಿಸ್ಬೇಡಿ, ಹಂಗೇ ಇರ್ಲಿ" ಅಂದ್ರು. 3 ಲಕ್ಷ 60 ಹೇಳಿದ್ದೆ, 20 ಬಿಟ್ಟೆ.

ಈಗ ಜಗಳೂರು ಕಡೆ ಒಂದು ಯೆಜ್ಡಿ ರೋಡ್‌ಕಿಂಗ್ ನೋಡಿಟ್ಟೀನಿ, ಕಂಪ್ನಿ ಬಣ್ಣನೇ ಐತೆ, ಅಲ್ಲಲ್ಲಿ ಕಿತ್ತೈತೆ. ಬ್ಯಾಕ್‌ಲಾಗ್‌ಗೆ ಅರ್ಜಿ ಹಾಕೀವಿ, ಅದಾಗೋವರೆಗೂ ಒಂದು ಬೋಲ್ಟೂ ಬಿಚ್ಚಲ್ಲ.