ಕ್ರಿಯಾಪದ ಯಾರ ಮಾತು ಕೇಳುತ್ತೆ?

'ಹುಡುಗನಿಗೆ ಪುಸ್ತಕಗಳನ್ನು ಕೊಟ್ಟರು.' ಈ ಒಂದೇ ವಾಕ್ಯವನ್ನು ನಾಲ್ಕು ಭಾಷೆಗಳಲ್ಲಿ ಕರ್ಮಣಿಗೆ, ಅಂದರೆ ಕೆಲಸ ಮಾಡಿದವರನ್ನು ಹಿಂದೆ ಸರಿಸಿ ಹೇಳುವ ರೂಪಕ್ಕೆ, ತಿರುಗಿಸಿ ನೋಡಿದೆ. 'ಕೊಡು' ಅಂದರೆ ಎರಡು ಕರ್ಮ ಬೇಕು: ಪಡೆಯುವವನು, ಕೊಟ್ಟ ವಸ್ತು. ಕರ್ಮಣಿಯಲ್ಲಿ ಇಬ್ಬರಲ್ಲಿ ಯಾರು ಕರ್ತೃವಿನ ಜಾಗಕ್ಕೆ ಬರುತ್ತಾರೆ ಅನ್ನೋದು ನನ್ನ ಪ್ರಶ್ನೆ.

ಮೊದಲು ಪದಗಳ ಕ್ರಮ ನೋಡಿ ತೀರ್ಮಾನ ಮಾಡುತ್ತಿದ್ದೆ. ಅದು ತಪ್ಪು ದಾರಿ. ಆಮೇಲೆ ಬೇಕಂತಲೇ ಹುಡುಗನನ್ನು ಏಕವಚನದಲ್ಲಿ, ಪುಸ್ತಕವನ್ನು ಬಹುವಚನದಲ್ಲಿ ಇಟ್ಟೆ. ಇನ್ನು ಕ್ರಿಯಾಪದವೇ ಹೇಳುತ್ತೆ, ಅಲ್ವಾ?

ಇಂಗ್ಲಿಷಿನಲ್ಲಿ 'ದ ಬಾಯ್ ವಾಸ್ ಗಿವನ್ ಬುಕ್ಸ್'. 'ವಾಸ್' ಏಕವಚನ, ಹುಡುಗನೇ ಕರ್ತೃ. ಜರ್ಮನ್‌ನಲ್ಲಿ 'ಡೆಮ್ ಯುಂಗನ್ ವುರ್ಡನ್ ಬ್ಯೂಖರ್ ಗೆಗೇಬನ್'. ಹುಡುಗ ಮುಂದೆ ಬಂದರೂ ಚತುರ್ಥಿ ವಿಭಕ್ತಿ (ನಮ್ಮ 'ಹುಡುಗನಿಗೆ' ಥರದ ರೂಪ) ಬಿಡಲಿಲ್ಲ. 'ವುರ್ಡನ್' ಬಹುವಚನ, ಪುಸ್ತಕಗಳನ್ನೇ ಹಿಂಬಾಲಿಸುತ್ತೆ. ಹುಡುಗನನ್ನು ಪ್ರಥಮಾ ವಿಭಕ್ತಿಗೆ ತರಬೇಕಾದರೆ ಜರ್ಮನ್ನರು 'ಪಡೆ' ಅನ್ನುವ ಅರ್ಥದ ಬೇರೆ ಕ್ರಿಯಾಪದವನ್ನೇ ಸಹಾಯಕ್ಕೆ ಕರೆಯುತ್ತಾರೆ.

ಐಸ್‌ಲ್ಯಾಂಡಿಕ್ ನನ್ನನ್ನು ನಿಲ್ಲಿಸಿತು. 'ಡ್ರೆಂಗ್ನುಮ್ ವೊರು ಗೆಪ್ನರ್ ಬೈಕುರ್'. ಮೇಲುನೋಟಕ್ಕೆ ಜರ್ಮನ್ ಥರವೇ: ಹುಡುಗ ಚತುರ್ಥಿಯಲ್ಲಿ, ಕ್ರಿಯಾಪದ ಪುಸ್ತಕಗಳ ಜೊತೆ. ಹಾಗಾದರೆ ಪುಸ್ತಕಗಳೇ ಕರ್ತೃ ಎಂದು ಬರೆದುಕೊಂಡೆ. ಅವಸರ ಮಾಡಿದ್ದೆ. ಕರ್ತೃ ಹೌದೋ ಅಲ್ಲವೋ ಅಂತ ತಿಳಿಯಲು ಇನ್ನೊಂದು ಪರೀಕ್ಷೆ ಇದೆ. 'ಅವನು ಬಂದ, ಮತ್ತು...' ಎಂದು ಶುರು ಮಾಡಿ, ಎರಡನೇ ವಾಕ್ಯದಲ್ಲಿ ಅವನನ್ನು ಬಿಟ್ಟುಬಿಡಬಹುದಾ ಅಂತ ನೋಡಬೇಕು. ಈ ಭಾಷೆಗಳಲ್ಲಿ ಹಾಗೆ ಬಿಡಬಹುದಾದರೆ ಅಲ್ಲಿ ಅವನೇ ಕರ್ತೃ. ಜರ್ಮನ್‌ನಲ್ಲಿ ಚತುರ್ಥಿಯವನನ್ನು ಹಾಗೆ ಬಿಡುವಂತಿಲ್ಲ. ಐಸ್‌ಲ್ಯಾಂಡಿಕ್‌ನಲ್ಲಿ ಬಿಡಬಹುದು. ಅಂದರೆ ಅಲ್ಲಿ ಚತುರ್ಥಿಯಲ್ಲಿದ್ದುಕೊಂಡೇ ಹುಡುಗ ಕರ್ತೃ! ವಿಭಕ್ತಿ ಒಂದು, ವಾಕ್ಯದಲ್ಲಿನ ಸ್ಥಾನ ಇನ್ನೊಂದು. ಇದು ಅರ್ಥವಾದ ದಿನ ನನಗೆ ನಿದ್ದೆ ಬರಲಿಲ್ಲ.

ಕನ್ನಡಕ್ಕೆ ಆ ಪರೀಕ್ಷೆ ಕೆಲಸಕ್ಕೆ ಬಾರದು. ನಾವು ಕರ್ತೃ, ಕರ್ಮ ಎಲ್ಲವನ್ನೂ ಸಲೀಸಾಗಿ ಬಿಟ್ಟು ಮಾತಾಡುತ್ತೇವೆ. ಅದಕ್ಕೆ ಪ್ರತ್ಯಯಗಳನ್ನೇ ನೋಡಿದೆ. 'ಹುಡುಗನಿಗೆ ಪುಸ್ತಕಗಳು ಕೊಡಲ್ಪಟ್ಟವು' ಅಂದರೆ ಕ್ರಿಯಾಪದ ಪುಸ್ತಕಗಳ ಜೊತೆ ಹೋಗುತ್ತೆ. ಆದರೆ ಈ ರೂಪ ಬಾಯಲ್ಲಿ ಬರುವುದು ಕಡಿಮೆ. ನಾವು ಜಾಸ್ತಿ ಬರೆಯುವುದು 'ಹುಡುಗನಿಗೆ ಪುಸ್ತಕಗಳನ್ನು ಕೊಡಲಾಯಿತು'. ಇಲ್ಲಿ 'ಇಗೆ' ಹಾಗೇ ಇದೆ, 'ಅನ್ನು' ಕೂಡ ಹಾಗೇ ಇದೆ. 'ಆಯಿತು' ಹುಡುಗನ ಜೊತೆಗೂ ಇಲ್ಲ, ಪುಸ್ತಕಗಳ ಜೊತೆಗೂ ಇಲ್ಲ. ಕೊಟ್ಟವರು ಮರೆಯಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ನನ್ನ ಪಟ್ಟಿಯಲ್ಲಿ ಕನ್ನಡದ ಎದುರು 'ಕರ್ತೃ' ಎಂಬ ಮನೆಯನ್ನು ಖಾಲಿ ಬಿಟ್ಟೆ.